ಮ್ಯಾನೇಜರ್ ಇಲ್ಲದ ಹೊತ್ತಿನಲ್ಲಿ: ಕಂಪನಿಯ ಮೌಲ್ಯಗಳು ನಿಜಕ್ಕೂ ಏನು ಕೆಲಸ ಮಾಡುತ್ತವೆ?

ಸ್ವಲ್ಪ ದಿನದ ಹಿಂದೆ ನನ್ನ ಖಾತೆಯಿಂದ ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಕಟ್ ಆಯಿತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಕಡೆ ಇದ್ದ ಹೆಣ್ಣುಮಗಳು ತುಂಬಾ ಮರ್ಯಾದೆಯಿಂದಲೇ ಮಾತಾಡಿದರು. "ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಸರ್" ಎಂದು ಮೂರು ಸಲ ಹೇಳಿದರು. ದುಡ್ಡು ಎರಡು ಸಲ ಹೋಗಿರುವುದು ತಮ್ಮ ಸ್ಕ್ರೀನಿನಲ್ಲೇ ಕಾಣುತ್ತಿದೆ ಎಂದೂ ಒಪ್ಪಿಕೊಂಡರು. ಆದರೆ ಅದನ್ನು ವಾಪಸ್ ಹಾಕುವ ಅಧಿಕಾರ ಅವರಿಗಿರಲಿಲ್ಲ. ಯಾರಿಗಿದೆ ಎಂದು ಕೇಳಿದರೆ ಅದೂ ಗೊತ್ತಿಲ್ಲ. ಆರೇಳು ನಿಮಿಷ ಆಗುತ್ತಿದ್ದಂತೆ ಅವರ ದನಿಯಲ್ಲಿ ಆತುರ ಶುರುವಾಯಿತು, ಆಮೇಲೆ "ಹೋಲ್ಡ್‌ನಲ್ಲಿರಿ ಸರ್" ಎಂದರು, ಆಮೇಲೆ ಸಂಗೀತ, ಸಂಗೀತದ ನಡುವೆ ಒಂದು ಗಂಭೀರ ಗಂಡಸಿನ ದನಿ: ನಮಗೆ ಗ್ರಾಹಕರೇ ಮೊದಲು.

ಆ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ. ಕಸ್ಟಮರ್ ಕೇರ್‌ನಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಸ್ಕ್ರೀನಿನ ಮೂಲೆಯಲ್ಲಿ ಓಡುವ ಗಡಿಯಾರದ ಬಗ್ಗೆ ಹೇಳುತ್ತಾರೆ. ಒಂದು ಕಾಲ್ ಸರಾಸರಿ ಎಷ್ಟು ನಿಮಿಷದಲ್ಲಿ ಮುಗಿಯಿತು ಎಂಬುದೇ ಅವರ ಮಾರ್ಕ್ಸ್ ಕಾರ್ಡು. ನನ್ನ ಸಮಸ್ಯೆ ಬಗೆಹರಿಸಿದರೆ ಅವರಿಗೆ ಮಾರ್ಕ್ಸ್ ಇಲ್ಲ, ನನ್ನನ್ನು ಬೇಗ ಸಾಗಹಾಕಿದರೆ ಇದೆ. ಅಂದಮೇಲೆ ಆ ಕಂಪನಿಯ ನಿಜವಾದ ಮೌಲ್ಯ ಯಾವುದು? ಗ್ರಾಹಕರೇ ಮೊದಲು ಅನ್ನುವುದಾ, ಗಡಿಯಾರಾನಾ?

ಕಂಪನಿಗಳ ಮೂಲ ಮೌಲ್ಯಗಳು, ಕೋರ್ ವ್ಯಾಲ್ಯೂಸ್ ಅಂತಾರಲ್ಲ, ಅವುಗಳ ಬಗ್ಗೆ ಮಾತು ಬಂದರೆ ಹೆಚ್ಚಿನವರು ಮುಗುಳ್ನಗುತ್ತಾರೆ. ಎಚ್‌ಆರ್‌ನವರ ಪೋಸ್ಟರು, ವರ್ಷಕ್ಕೊಮ್ಮೆ ದೊಡ್ಡವರ ಭಾಷಣ, ಸುಮ್ನೆ ಹೇಳಿಕೊಳ್ಳೋಕೆ ಇರುವ ನಾಲ್ಕು ಪದ. ನಾನೂ ಹಾಗೇ ಅಂದುಕೊಂಡಿದ್ದವನು. ಆದರೆ ಕೆಲವು ಕಡೆ ಇದೇ ನಾಲ್ಕು ಪದ ನಿಜವಾಗಿಯೂ ಕೆಲಸ ಮಾಡಿವೆ, ಕೆಲವು ಕಡೆ ಇದ್ದೂ ಕೆಟ್ಟಿವೆ. ವ್ಯತ್ಯಾಸ ಎಲ್ಲಿದೆ ಅನ್ನುವುದೇ ಇಲ್ಲಿನ ವಿಷಯ.

ಮೊದಲೇ ಮಾಡಿಟ್ಟ ತೀರ್ಮಾನ

ಮೌಲ್ಯ ಅಂದರೆ ಒಳ್ಳೆಯ ಗುಣ ಎಂದುಕೊಂಡರೆ ವಿಷಯ ಅಲ್ಲೇ ತಪ್ಪುತ್ತದೆ. ಕಂಪನಿಯ ಮಟ್ಟಿಗೆ ಮೌಲ್ಯ ಅಂದರೆ ಮೊದಲೇ ಮಾಡಿಟ್ಟ ಒಂದು ತೀರ್ಮಾನ. ಎರಡು ಒಳ್ಳೆಯ ವಿಷಯಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ, ಲಾಭ ಮತ್ತು ಗ್ರಾಹಕ, ವೇಗ ಮತ್ತು ಸುರಕ್ಷತೆ, ಯಾವುದನ್ನು ಬಿಡಬೇಕು ಅನ್ನುವುದನ್ನು ತಲೆ ತಣ್ಣಗಿರುವಾಗಲೇ ನಿರ್ಧರಿಸಿ ಇಟ್ಟಿರುವುದು. ಯಾಕೆಂದರೆ ಡಿಕ್ಕಿ ಆಗುವ ಹೊತ್ತಿನಲ್ಲಿ ಮೀಟಿಂಗ್ ಕರೆಯಲು ಆಗುವುದಿಲ್ಲ. ಕೌಂಟರಿನಲ್ಲಿ ನಿಂತಿರುವವರು ಅರ್ಧ ನಿಮಿಷದಲ್ಲಿ ಏನೋ ಒಂದು ಮಾಡಬೇಕು. ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ.

ಇದಕ್ಕೆ ನಿಯಮ ಸಾಲದಾ ಎಂದು ಕೇಳಬಹುದು. ನಿಯಮ ಬೇಕು, ಆದರೆ ನಿಯಮ ಬರೆದವರು ಊಹಿಸಿದ ಸನ್ನಿವೇಶಕ್ಕೆ ಮಾತ್ರ ಅದು ಉತ್ತರ ಕೊಡುತ್ತದೆ. ಗ್ರಾಹಕರ ತೊಂದರೆಗಳು ಅಷ್ಟು ಶಿಸ್ತಾಗಿ ಬರುವುದಿಲ್ಲ. ನಿಯಮ ಮುಗಿದ ಜಾಗದಲ್ಲಿ ಮೌಲ್ಯದ ಕೆಲಸ ಶುರು. ಅಲ್ಲಿ ಮೌಲ್ಯವೂ ಇಲ್ಲದಿದ್ದರೆ ಉದ್ಯೋಗಿ ತನ್ನ ತಲೆ ಉಳಿಸಿಕೊಳ್ಳುವ ದಾರಿ ಹುಡುಕುತ್ತಾನೆ, ಅಂದರೆ "ಇದು ನನ್ನ ಕೈಯಲ್ಲಿಲ್ಲ" ಅನ್ನುತ್ತಾನೆ. ನಾವೂ ಅವನ ಜಾಗದಲ್ಲಿದ್ದರೆ ಹಾಗೇ ಅನ್ನುತ್ತೇವೆ.

ರಿಟ್ಜ್ ಕಾರ್ಲ್‌ಟನ್ ಹೋಟೆಲುಗಳ ಒಂದು ಪದ್ಧತಿ ಸರ್ವಿಸ್ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿನ ಯಾವ ಉದ್ಯೋಗಿಯೇ ಆಗಲಿ, ಕೋಣೆ ಗುಡಿಸುವವರೂ ಸೇರಿ, ಅತಿಥಿಯೊಬ್ಬರ ಸಮಸ್ಯೆ ಸರಿಪಡಿಸಲು 2,000 ಡಾಲರ್‌ವರೆಗೆ ಯಾರನ್ನೂ ಕೇಳದೆ ಖರ್ಚು ಮಾಡಬಹುದು. ಎಲ್ಲರೂ ಈ ಮೊತ್ತ ನೋಡಿ ಬಾಯಿ ಬಿಡುತ್ತಾರೆ. ನನಗೆ ಮೊತ್ತಕ್ಕಿಂತ ಅದರ ಹಿಂದಿನ ಮಾತು ಮುಖ್ಯ ಅನಿಸುತ್ತದೆ: ನಿನ್ನ ತೀರ್ಮಾನವನ್ನು ನಾವು ನಂಬುತ್ತೇವೆ, ಆಮೇಲೆ ಲೆಕ್ಕ ಕೇಳಿ ಮರ್ಯಾದೆ ತೆಗೆಯುವುದಿಲ್ಲ. ಅದರ ಜೊತೆಗೆ ಇನ್ನೊಂದಿದೆ, ಅದು ಅಷ್ಟು ಸುದ್ದಿಯಾಗುವುದಿಲ್ಲ. ಪ್ರತಿ ಪಾಳಿ ಶುರುವಾಗುವ ಮೊದಲು ಎಲ್ಲರೂ ಒಂದಿಷ್ಟು ಹೊತ್ತು ನಿಂತು ಮಾತಾಡುತ್ತಾರೆ, ತಮ್ಮ ಸೇವೆಯ ಮೌಲ್ಯಗಳಲ್ಲಿ ಒಂದನ್ನು ಎತ್ತಿಕೊಂಡು ಯಾರಾದರೂ ಅದನ್ನು ಹೇಗೆ ಪಾಲಿಸಿದರು ಎಂಬ ಕಥೆ ಹೇಳುತ್ತಾರೆ. ಪ್ರತಿದಿನ. ಕೇಳಲು ಬೋರ್ ಅನಿಸಬಹುದು, ಆದರೆ ಸಾವಿರಾರು ಜನರಿಗೆ ದುಡ್ಡು ಖರ್ಚು ಮಾಡುವ ಸ್ವಾತಂತ್ರ್ಯ ಕೊಟ್ಟಮೇಲೆ ಅವರೆಲ್ಲರ ಅಂದಾಜು ಹೆಚ್ಚುಕಡಿಮೆ ಒಂದೇ ಥರ ಇರಬೇಕಲ್ಲ, ಆ ಹೊಂದಾಣಿಕೆ ಬರುವುದು ಇಂಥ ಕಥೆಗಳಿಂದಲೇ.

ಸಂಸ್ಕೃತಿ ಅಂದರೆ ಏನು ಹಾಗಾದರೆ

ಎಂಐಟಿಯಲ್ಲಿ ಪಾಠ ಮಾಡುತ್ತಿದ್ದ ಎಡ್ಗರ್ ಶೈನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಮೂರು ಪದರವಾಗಿ ನೋಡಿದರು. ಮೇಲಿನದು ಕಣ್ಣಿಗೆ ಕಾಣುವುದು: ಆಫೀಸು, ಉಡುಪು, ಯಾರು ಯಾರನ್ನು ಹೇಗೆ ಕರೆಯುತ್ತಾರೆ. ಅದರ ಕೆಳಗೆ ಬಾಯಲ್ಲಿ ಹೇಳುವುದು, ಅಂದರೆ ಗೋಡೆ ಮೇಲಿನ ಮೌಲ್ಯಗಳು. ಎಲ್ಲಕ್ಕಿಂತ ಕೆಳಗೆ ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಿರುವುದು. "ಇಲ್ಲಿ ಹೀಗೇನೇ" ಅನ್ನುವ ಪದರ. ಜನ ನಡೆದುಕೊಳ್ಳುವುದು ಈ ಕೊನೆಯದರ ಪ್ರಕಾರ.

ಹೊಸದಾಗಿ ಸೇರಿದವರು ಈ ಮೂರನೇ ಪದರವನ್ನು ಎಷ್ಟು ಬೇಗ ಕಲಿಯುತ್ತಾರೆ ಗೊತ್ತಾ? ಟ್ರೈನಿಂಗ್ ಸ್ಲೈಡುಗಳು ಮರೆತುಹೋಗುತ್ತವೆ. ಆದರೆ ಮೊದಲ ವಾರದಲ್ಲಿ ಮೀಟಿಂಗಿನಲ್ಲಿ ಒಬ್ಬರು "ಈ ಡೇಟ್‌ಗೆ ಆಗುವುದಿಲ್ಲ" ಎಂದು ನೇರವಾಗಿ ಹೇಳಿದರು, ಆಗ ದೊಡ್ಡವರ ಮುಖ ಹೇಗಾಯಿತು, ಅದು ನೆನಪಿರುತ್ತದೆ. ಯಾರಿಗೆ ಪ್ರಮೋಷನ್ ಸಿಕ್ಕಿತು, ಯಾಕೆ ಸಿಕ್ಕಿತು ಎಂದು ಕಾಫಿ ಕುಡಿಯುವಾಗ ಹಳಬರು ಹೇಳಿದ್ದು ನೆನಪಿರುತ್ತದೆ. ತಪ್ಪು ಒಪ್ಪಿಕೊಂಡವನ ಗತಿ ಏನಾಯಿತು, ಅದು. ಹದಿನೈದು ದಿನದಲ್ಲಿ ಆ ಕಂಪನಿಯ ಅಸಲಿ ಮೌಲ್ಯಗಳ ಪಟ್ಟಿ ಅವರ ತಲೆಯಲ್ಲಿ ರೆಡಿಯಾಗಿರುತ್ತದೆ. ಗೋಡೆ ಮೇಲಿನದಕ್ಕೂ ಅದಕ್ಕೂ ಹೊಂದಿದರೆ ಒಳ್ಳೆಯದು. ಹೊಂದದಿದ್ದರೆ ಗೋಡೆ ಮೇಲಿನದು ಬರೀ ನಿರುಪಯೋಗಿ ಆಗುವುದಿಲ್ಲ, ಹಾನಿಯನ್ನೇ ಮಾಡುತ್ತದೆ. ಯಾಕೆಂದರೆ ಇಲ್ಲಿ ಹೇಳುವುದನ್ನು ನಂಬಬಾರದು ಅನ್ನುವ ಪಾಠವನ್ನು ಅದು ದಿನವೂ ಹೇಳಿಕೊಡುತ್ತಿರುತ್ತದೆ.

ಇದಕ್ಕೆ ಲೆಕ್ಕವೂ ಇದೆ. ಲುಯಿಜಿ ಗುಯಿಸೊ, ಪಾವೊಲಾ ಸಪಿಯೆಂಜಾ, ಲುಯಿಜಿ ಜಿಂಗಾಲೆಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ದೊಡ್ಡ ಕಂಪನಿಗಳು ತಮ್ಮ ವೆಬ್‌ಸೈಟುಗಳಲ್ಲಿ ಯಾವ ಮೌಲ್ಯಗಳನ್ನು ಹೇಳಿಕೊಳ್ಳುತ್ತವೆ ಎಂದು ನೋಡಿದರು. ಅತಿ ಹೆಚ್ಚು ಕಂಡುಬಂದದ್ದು ಹೊಸತನ, ಅದರ ನಂತರ ಪ್ರಾಮಾಣಿಕತೆ. ಹಾಗೆ ಹೇಳಿಕೊಂಡದ್ದಕ್ಕೂ ಕಂಪನಿಯ ಸಾಧನೆಗೂ ಸಂಬಂಧವೇ ಸಿಗಲಿಲ್ಲ. ಆದರೆ ನಮ್ಮ ಮೇಲಿನವರು ಪ್ರಾಮಾಣಿಕರು, ನಂಬಬಹುದು ಎಂದು ಉದ್ಯೋಗಿಗಳೇ ಭಾವಿಸುವ ಕಂಪನಿಗಳು ಚೆನ್ನಾಗಿ ನಡೆಯುತ್ತಿದ್ದವು.

1982ರ ಆ ಕೆಲವು ದಿನಗಳು

ಮೌಲ್ಯಗಳ ಬಗ್ಗೆ ಬರೆಯುವವರೆಲ್ಲ ಒಂದು ಕಥೆ ಹೇಳುತ್ತಾರೆ, ನಾನೂ ಹೇಳುತ್ತೇನೆ, ಆದರೆ ಅದರ ಮೊದಲಿನ ಭಾಗ ಮತ್ತು ಆಮೇಲಿನ ಭಾಗ ಎರಡನ್ನೂ ಸೇರಿಸಿ.

1982ರ ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಶಿಕಾಗೋ ಸುತ್ತಮುತ್ತ ಟೈಲೆನಾಲ್ ಎಂಬ ನೋವಿನ ಮಾತ್ರೆ ತಿಂದ ಏಳು ಜನ ಸತ್ತರು. ಯಾರೋ ಅಂಗಡಿಗಳಲ್ಲಿದ್ದ ಕ್ಯಾಪ್ಸೂಲುಗಳಿಗೆ ಸಯನೈಡ್ ಬೆರೆಸಿದ್ದರು. ಯಾರು ಎಂಬುದು ಇವತ್ತಿಗೂ ಸಾಬೀತಾಗಿಲ್ಲ. ತಯಾರಿಸಿದ್ದು ಜಾನ್ಸನ್ ಅಂಡ್ ಜಾನ್ಸನ್‌ಗೆ ಸೇರಿದ ಮೆಕ್‌ನೀಲ್ ಎಂಬ ಘಟಕ. ತಪ್ಪು ಕಾರ್ಖಾನೆಯಲ್ಲಿ ಆದದ್ದಲ್ಲ, ಸಾವು ಆದದ್ದು ಒಂದೇ ಪ್ರದೇಶದಲ್ಲಿ. "ನಮ್ಮದೇನೂ ತಪ್ಪಿಲ್ಲ" ಎಂದು ವಕೀಲರ ಕೈಯಲ್ಲಿ ಹೇಳಿಸಿ ಸುಮ್ಮನಿರಬಹುದಿತ್ತು. ಕಂಪನಿ ಮಾತ್ರೆ ತಿನ್ನಬೇಡಿ ಎಂದು ದೇಶಕ್ಕೆಲ್ಲ ಹೇಳಿತು, ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ಕರೆಸಿಕೊಂಡಿತು. ಅವುಗಳ ಬೆಲೆ 10 ಕೋಟಿ ಡಾಲರ್‌ಗೂ ಜಾಸ್ತಿ. ಕೆಲವೇ ತಿಂಗಳಲ್ಲಿ, ಯಾರಾದರೂ ತೆರೆದರೆ ಗೊತ್ತಾಗುವಂಥ ಸೀಲ್ ಹಾಕಿದ ಬಾಟಲಿಯಲ್ಲಿ ಮಾತ್ರೆ ಮತ್ತೆ ಅಂಗಡಿಗೆ ಬಂತು. ಇವತ್ತು ಮಾತ್ರೆ ಬಾಟಲಿಯ ಬಾಯಿಗೆ ಅಂಟಿಸಿರುವ ಹಾಳೆ ಕೀಳುವಾಗ ಉಗುರು ನೋಯುತ್ತದಲ್ಲ, ಅಂಥ ಸೀಲು ಎಲ್ಲ ಕಡೆ ಬಂದದ್ದು ಈ ಘಟನೆಯ ನಂತರ.

ಈಗ ಮೊದಲಿನ ಭಾಗ. ಆ ಕಂಪನಿಗೆ 'ಕ್ರೀಡೋ' ಎಂಬ ಒಂದು ಪುಟದ ಹೇಳಿಕೆ ಇತ್ತು. 1943ರಲ್ಲಿ, ಕಂಪನಿ ಷೇರುಪೇಟೆಗೆ ಹೋಗುವ ಸ್ವಲ್ಪ ಮೊದಲು, ರಾಬರ್ಟ್ ವುಡ್ ಜಾನ್ಸನ್ ಬರೆದದ್ದು. ಅದರ ವಿಶೇಷ ಇರುವುದು ಸುಂದರ ಪದಗಳಲ್ಲಿ ಅಲ್ಲ, ಕ್ರಮದಲ್ಲಿ. ನಮ್ಮ ಮೊದಲ ಹೊಣೆ ಡಾಕ್ಟರು, ನರ್ಸು, ರೋಗಿ, ತಾಯಂದಿರಿಗೆ, ಅಂದರೆ ನಮ್ಮ ವಸ್ತು ಬಳಸುವವರಿಗೆ. ಆಮೇಲೆ ಉದ್ಯೋಗಿಗಳು. ಸಮಾಜ ಅದರ ನಂತರ. ಷೇರುದಾರರು ಕಟ್ಟಕಡೆಗೆ. ಷೇರು ಮಾರಲು ಹೊರಟ ಹೊತ್ತಿನಲ್ಲೇ ಷೇರುದಾರರು ಕೊನೆ ಎಂದು ಬರೆದಿಡುವುದಿದೆಯಲ್ಲ, ಅದನ್ನೇ ನಾನು ಮೊದಲೇ ಮಾಡಿಟ್ಟ ತೀರ್ಮಾನ ಎಂದದ್ದು. ಡಿಕ್ಕಿ ಆದಾಗ ಯಾರು ಕಾಯಬೇಕು ಅನ್ನುವುದು ಅಲ್ಲಿ ಸ್ಪಷ್ಟ ಇದೆ.

ಆದರೆ ಕಾಗದ ಮೂವತ್ತು ವರ್ಷ ಗೋಡೆ ಮೇಲಿದ್ದರೆ ಧೂಳು ಹಿಡಿಯುತ್ತದೆ. 1970ರ ದಶಕದಲ್ಲಿ, ಮುಂದೆ ಕಂಪನಿಯ ಮುಖ್ಯಸ್ಥರಾದ ಜೇಮ್ಸ್ ಬರ್ಕ್ ಒಂದು ವಿಚಿತ್ರ ಕೆಲಸ ಮಾಡಿದರು. ಹಿರಿಯ ಮ್ಯಾನೇಜರುಗಳನ್ನು ಕೂರಿಸಿ, ಇದನ್ನು ನಾವು ಪಾಲಿಸುತ್ತೇವಾ ಇಲ್ಲವಾ ಜಗಳ ಮಾಡಿ ಹೇಳಿ, ಪಾಲಿಸುವುದಿಲ್ಲವಾದರೆ ಗೋಡೆಯಿಂದ ಕಿತ್ತುಹಾಕೋಣ ಎಂದರು. ಇಂಥ ಸಭೆಗಳು ಕಂಪನಿಯ ಬೇರೆ ಬೇರೆ ಶಾಖೆಗಳಲ್ಲೂ ನಡೆದವು, ಹೇಳಿಕೆಯ ಪದಗಳು ತಿದ್ದುಪಡಿಯಾದವು. ಹಾಗಾಗಿ 1982ರಲ್ಲಿ ಫೋನ್ ಬಂದಾಗ ಆ ಜನ ಈ ಪ್ರಶ್ನೆಯ ಮೇಲೆ ಆಗಲೇ ಜಗಳವಾಡಿ ಮುಗಿಸಿದ್ದರು. ನನ್ನ ಲೆಕ್ಕದಲ್ಲಿ ಇಡೀ ಕಥೆಯ ಜೀವ ಇಲ್ಲಿದೆ. ಮೌಲ್ಯವನ್ನು ಬರೆಯುವುದಕ್ಕಿಂತ ಅದರ ಮೇಲೆ ಜಗಳವಾಡುವುದು ಹೆಚ್ಚು ಉಪಯೋಗ.

ಆಮೇಲಿನ ಭಾಗಕ್ಕೆ ಕೊನೆಗೆ ಬರುತ್ತೇನೆ.

ಟಾರ್ಗೆಟ್ ಬಂದಾಗ

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರೆ. ಮೌಲ್ಯ ಒಂದು ಕಡೆ, ಟಾರ್ಗೆಟ್ ಇನ್ನೊಂದು ಕಡೆ ಎಳೆದಾಗ ಗಾಡಿ ಯಾವ ಕಡೆ ಹೋಗುತ್ತದೆ? ಸಂಬಳ ಯಾವುದಕ್ಕೆ ಕಟ್ಟಿದೆಯೋ ಆ ಕಡೆ. ಯಾವಾಗಲೂ.

ವೆಲ್ಸ್ ಫಾರ್ಗೋ ಅಮೆರಿಕದ ದೊಡ್ಡ ಬ್ಯಾಂಕುಗಳಲ್ಲಿ ಒಂದು. ಗ್ರಾಹಕರಿಗೆ ಯಾವುದು ಒಳ್ಳೆಯದೋ ಅದನ್ನೇ ಮಾಡುತ್ತೇವೆ ಎಂಬ ಅರ್ಥದ ಮೌಲ್ಯಗಳ ಪುಸ್ತಿಕೆ ಅಲ್ಲೂ ಇತ್ತು. ಜೊತೆಗೆ ಒಂದು ಗುರಿ ಇತ್ತು: ಪ್ರತಿ ಗ್ರಾಹಕರಿಗೂ ಎಂಟು ಉತ್ಪನ್ನ ಮಾರಬೇಕು. ಉಳಿತಾಯ ಖಾತೆ, ಕ್ರೆಡಿಟ್ ಕಾರ್ಡ್, ಸಾಲ, ಹೀಗೆ. ಎಂಟೇ ಯಾಕೆ? ಇಂಗ್ಲಿಷಿನಲ್ಲಿ ಎಯ್ಟ್ ಅನ್ನುವುದು ಗ್ರೇಟ್ ಜೊತೆ ಪ್ರಾಸ ಆಗುತ್ತದೆ ಎಂದು ಮುಖ್ಯಸ್ಥರೇ ವಾರ್ಷಿಕ ವರದಿಯಲ್ಲಿ ಬರೆದಿದ್ದರು. ನಗು ಬರುತ್ತದೆ, ಆದರೆ ಶಾಖೆಯಲ್ಲಿ ಕೂತ ನೌಕರರಿಗೆ ನಗು ಬರುತ್ತಿರಲಿಲ್ಲ. ದಿನದ ಟಾರ್ಗೆಟ್ ಮುಟ್ಟದಿದ್ದರೆ ಬೈಗುಳ, ಕೆಲಸ ಹೋಗುವ ಭಯ. ಒಬ್ಬ ಮನುಷ್ಯನಿಗೆ ಎಂಟು ಬೇಡವೇ ಬೇಡ ಅಂದರೆ ಏನು ಮಾಡುವುದು? ಗ್ರಾಹಕರಿಗೆ ಹೇಳದೆ ಅವರ ಹೆಸರಿನಲ್ಲಿ ಖಾತೆ ತೆರೆದರು. ಹೀಗೆ ಲಕ್ಷಾಂತರ ಖಾತೆಗಳು. 2016ರ ಸೆಪ್ಟೆಂಬರಿನಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರಲ್ಲಿ ಸುಮಾರು 5,300 ನೌಕರರನ್ನು ಬ್ಯಾಂಕು ತೆಗೆದುಹಾಕಿತ್ತು. ಮುಂದಿನ ತಿಂಗಳು ಮುಖ್ಯಸ್ಥರೂ ಹೋದರು. 2020ರಲ್ಲಿ ಸರ್ಕಾರದ ಜೊತೆಗಿನ ಇತ್ಯರ್ಥಕ್ಕೆ ಇನ್ನೂ 300 ಕೋಟಿ ಡಾಲರ್ ತೆರಬೇಕಾಯಿತು.

ಈ 5,300 ಅನ್ನುವ ಅಂಕಿಯ ಮುಂದೆ ಸ್ವಲ್ಪ ನಿಲ್ಲಿ. ಐದು ಜನ ಮೋಸ ಮಾಡಿದರೆ ಕೆಟ್ಟ ಜನ ಅನ್ನಬಹುದು. ಐದು ಸಾವಿರ ಜನ ಒಂದೇ ಥರದ ಮೋಸ ಮಾಡಿದರೆ ಅದು ಕಂಪನಿ ಕಲಿಸಿದ ಪಾಠ, ಅಲ್ವಾ? ಅಲ್ಲಿ ಎಥಿಕ್ಸ್ ಹಾಟ್‌ಲೈನ್ ಕೂಡ ಇತ್ತು. ಅದಕ್ಕೆ ದೂರು ಕೊಟ್ಟ ಕೆಲವರು, ದೂರು ಕೊಟ್ಟದ್ದಕ್ಕೇ ಕೆಲಸ ಕಳೆದುಕೊಂಡೆವು ಎಂದು ಆಮೇಲೆ ಹೇಳಿದರು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

ಎನ್ರಾನ್ ಎಂಬ ಅಮೆರಿಕದ ಇಂಧನ ಕಂಪನಿಯ ಕಥೆ ಹಳೆಯದು, ಬೇಗ ಮುಗಿಸುತ್ತೇನೆ. ಗೌರವ, ಪ್ರಾಮಾಣಿಕತೆ, ಸಂವಹನ, ಉತ್ಕೃಷ್ಟತೆ ಎಂಬ ನಾಲ್ಕು ಮೌಲ್ಯ, 64 ಪುಟದ ನೀತಿ ಸಂಹಿತೆ, 2001ರ ಡಿಸೆಂಬರಿನಲ್ಲಿ ದಿವಾಳಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು 1999ರಲ್ಲಿ ನಡೆದದ್ದು. ಕಂಪನಿಯ ಹಣಕಾಸು ಮುಖ್ಯಸ್ಥರು ತಮ್ಮದೇ ಸಂಸ್ಥೆಗಳನ್ನು ಕಟ್ಟಿಕೊಂಡು ಎನ್ರಾನ್ ಜೊತೆಗೇ ವ್ಯವಹಾರ ಮಾಡಬೇಕಿತ್ತು. ನೀತಿ ಸಂಹಿತೆ ಅದಕ್ಕೆ ಅಡ್ಡ ಬರುತ್ತಿತ್ತು. ನಿರ್ದೇಶಕ ಮಂಡಳಿ ಏನು ಮಾಡಿತು? ಅವರೊಬ್ಬರಿಗೆ ಸಂಹಿತೆಯಿಂದ ವಿನಾಯಿತಿ ಕೊಟ್ಟಿತು. ಕದ್ದುಮುಚ್ಚಿ ಅಲ್ಲ, ಮೀಟಿಂಗಿನಲ್ಲಿ ಒಪ್ಪಿಗೆ ಪಡೆದು. ಮೌಲ್ಯ ಸಾಯುವುದು ಹೆಚ್ಚಾಗಿ ಹೀಗೆ, "ಇದೊಂದು ಸಲ", "ಇವರೊಬ್ಬರಿಗೆ" ಅನ್ನುವ ನೆಪದಲ್ಲಿ.

ಕೆಟ್ಟ ಸುದ್ದಿ ತಂದವನ ಗತಿ

ಒಂದು ಕಂಪನಿಯ ಸಂಸ್ಕೃತಿ ನೋಡಲು ನನಗೆ ಒಂದೇ ಒಂದು ಕಿಟಕಿ ಕೊಟ್ಟರೆ ಇದನ್ನೇ ಆರಿಸಿಕೊಳ್ಳುತ್ತೇನೆ: ಕೆಟ್ಟ ಸುದ್ದಿ ತಂದವನಿಗೆ ಏನಾಗುತ್ತದೆ.

ಟೊಯೋಟಾ ಕಾರ್ಖಾನೆಗಳಲ್ಲಿ ಕಾರು ಜೋಡಿಸುವ ಸಾಲಿನ ಉದ್ದಕ್ಕೂ ಒಂದು ಹಗ್ಗ ಇರುತ್ತದೆ, ಆಂಡಾನ್ ಎಂದು ಹೆಸರು. ಏನಾದರೂ ಸರಿಯಿಲ್ಲ ಅನಿಸಿದರೆ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು. ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿಬರುತ್ತಾನೆ, ಕಾರು ಆ ಜಾಗ ದಾಟುವಷ್ಟರಲ್ಲಿ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಗುಣಮಟ್ಟ ನಮ್ಮ ಮೌಲ್ಯ ಎಂದು ಬರೆಯುವುದು ಸುಲಭ. ಅತಿ ಕಿರಿಯ ಕೆಲಸಗಾರನ ಕೈಗೆ ಇಡೀ ಕಾರ್ಖಾನೆ ನಿಲ್ಲಿಸುವ ಹಗ್ಗ ಕೊಡುವುದು ಬೇರೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಒಂದು ಕಾರ್ಖಾನೆ ಇತ್ತು. ಗೈರುಹಾಜರಿ ಶೇಕಡಾ 20ರ ಮೇಲೆ, ಕುಡಿದು ಬರುವವರು, ಮುಷ್ಕರ, ಕೆಟ್ಟ ಕಾರುಗಳು. ಏನೇ ಆದರೂ ಸಾಲು ನಿಲ್ಲಿಸಬಾರದು ಅನ್ನುವುದು ಅಲ್ಲಿನ ನಿಜವಾದ ನಿಯಮ, ತಪ್ಪಾದ ಕಾರನ್ನು ಆಮೇಲೆ ಅಂಗಳದಲ್ಲಿ ರಿಪೇರಿ ಮಾಡುತ್ತಿದ್ದರು. 1982ರಲ್ಲಿ ಮುಚ್ಚಿದರು. 1984ರಲ್ಲಿ ಟೊಯೋಟಾ ಮತ್ತು ಜಿಎಂ ಸೇರಿ ಅದೇ ಜಾಗದಲ್ಲಿ 'ನುಮ್ಮಿ' ಎಂಬ ಹೆಸರಿನಲ್ಲಿ ಮತ್ತೆ ತೆರೆದರು. ಕೆಲಸಕ್ಕೆ ತಗೊಂಡವರಲ್ಲಿ ಬಹುಪಾಲು ಅದೇ ಹಳೆ ಜನ, ಅದೇ ಕಾರ್ಮಿಕ ಸಂಘ. ಗೈರುಹಾಜರಿ ಶೇಕಡಾ 5ಕ್ಕಿಂತ ಕೆಳಗಿಳಿಯಿತು, ಕಾರಿನ ಗುಣಮಟ್ಟ ಜಪಾನಿನ ಕಾರ್ಖಾನೆಗಳ ಸಮಕ್ಕೆ ಬಂತು. ನಮ್ಮ ಜನ ಸರಿಯಿಲ್ಲ ಸಾರ್ ಎಂದು ಗೊಣಗುವ ಮ್ಯಾನೇಜರುಗಳಿಗೆ ಈ ಕಥೆ ಹೇಳಬೇಕು. ಆ ಬದಲಾವಣೆಯಲ್ಲಿ ಕೆಲಸ ಮಾಡಿದ ಜಾನ್ ಶೂಕ್ ಎಂಬುವರು ಹೇಳುವುದು ಇಷ್ಟು: ಮೊದಲು ಯೋಚನೆ ಬದಲಿಸಿ, ಆಮೇಲೆ ನಡವಳಿಕೆ ಬದಲಾಗುತ್ತದೆ ಎಂದು ಕಾಯಬೇಡಿ. ಮೊದಲು ಮಾಡುವ ಕೆಲಸದ ರೀತಿ ಬದಲಿಸಿ, ಯೋಚನೆ ಹಿಂದೆಯೇ ಬರುತ್ತದೆ. ಹಗ್ಗ ಎಳೆದಾಗ ಬೈಯದೆ ಸಹಾಯಕ್ಕೆ ಬಂದರೆ, ನಾಲ್ಕನೇ ಸಲ ಎಳೆಯುವಾಗ ಅವನಿಗೆ ಗುಣಮಟ್ಟದ ಬಗ್ಗೆ ಭಾಷಣವೇ ಬೇಡ. ಜಿಎಂ ಇದನ್ನು ತನ್ನ ಬೇರೆ ಕಾರ್ಖಾನೆಗಳಿಗೂ ತರಲು ಹೋಗಿ ವರ್ಷಗಟ್ಟಲೆ ಒದ್ದಾಡಿತು. ಹಗ್ಗ ಕಟ್ಟುವುದು ಕಷ್ಟವಲ್ಲ. ಎಳೆದವನನ್ನು ಬೈಯದೆ ಇರುವುದೇ ಕಷ್ಟ.

ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ಎಣಿಸಿದ್ದರು. ಲೆಕ್ಕ ಉಲ್ಟಾ ಬಂತು, ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು! ವಿಚಾರಿಸಿದರೆ, ಆ ತಂಡಗಳು ಜಾಸ್ತಿ ತಪ್ಪು ಮಾಡುತ್ತಿದ್ದವು ಅಂತಲ್ಲ, ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದವು. ಹಾಗಾಗಿ ತಿಂಗಳ ರಿಪೋರ್ಟಿನಲ್ಲಿ ದೂರುಗಳು ಸೊನ್ನೆ ಎಂದು ಕಂಡರೆ ಖುಷಿಪಡುವ ಮೊದಲು ಒಂದು ಸಲ ಯೋಚಿಸುವುದು ಒಳ್ಳೆಯದು.

ಯಾರನ್ನು ತಗೊಳ್ಳುತ್ತೀರಿ, ಯಾರನ್ನು ಕಳಿಸುತ್ತೀರಿ

ಪಾಲ್ ಓನೀಲ್ 1987ರಲ್ಲಿ ಅಲ್ಕೋವಾ ಎಂಬ ಅಲ್ಯುಮಿನಿಯಂ ಕಂಪನಿಯ ಮುಖ್ಯಸ್ಥರಾದರು. ಹೂಡಿಕೆದಾರರ ಮುಂದಿನ ಮೊದಲ ಭಾಷಣದಲ್ಲಿ ಲಾಭದ ಬದಲು ಕಾರ್ಮಿಕರ ಸುರಕ್ಷತೆಯ ಬಗ್ಗೆ ಮಾತಾಡಿ ಎಲ್ಲರನ್ನೂ ತಬ್ಬಿಬ್ಬು ಮಾಡಿದ್ದರು. ಅದು ಬರೀ ಮಾತಲ್ಲ ಎಂದು ಗೊತ್ತಾದದ್ದು ಕೆಲವು ವರ್ಷಗಳ ನಂತರ. ಮೆಕ್ಸಿಕೋದ ಒಂದು ಘಟಕದಲ್ಲಿ ಅನಿಲ ತುಂಬಿಕೊಂಡು ಕಾರ್ಮಿಕರು ಅಸ್ವಸ್ಥರಾಗಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಅಧಿಕಾರಿ ಸಮಸ್ಯೆಯನ್ನೇನೋ ಸರಿಪಡಿಸಿದ್ದರು, ಆದರೆ ಕೇಂದ್ರ ಕಚೇರಿಗೆ ತಿಳಿಸಿರಲಿಲ್ಲ. ಬಹಳ ವರ್ಷದ ಅನುಭವಿ, ಅವರ ವಿಭಾಗ ಚೆನ್ನಾಗಿ ಬೆಳೆದಿತ್ತು. ಓನೀಲ್ ಅವರನ್ನು ಕೆಲಸದಿಂದ ತೆಗೆದರು. ತಿಳಿಸದೆ ಇದ್ದರೆ ಬೇರೆ ಘಟಕದವರು ಇದರಿಂದ ಕಲಿಯುವುದು ಹೇಗೆ ಅನ್ನುವುದು ಅವರ ಲೆಕ್ಕ.

ಎಲ್ಲ ಆಫೀಸಿನಲ್ಲೂ ಒಬ್ಬ ಇರುತ್ತಾನೆ, ಕೆಲಸದಲ್ಲಿ ಹುಲಿ, ನಡವಳಿಕೆಯಲ್ಲಿ ಹಾವು. ತಂಡದವರನ್ನು ಅಳಿಸುತ್ತಾನೆ, ಆದರೆ ಟಾರ್ಗೆಟ್ ಮುಟ್ಟಿಸುತ್ತಾನೆ. ಅವನ ಅಪ್ರೈಸಲ್ ಹೇಗಾಗುತ್ತದೆ ಎಂದು ಇಡೀ ಆಫೀಸು ನೋಡುತ್ತಿರುತ್ತದೆ. ಅವನಿಗೆ ದೊಡ್ಡ ಹೈಕ್ ಸಿಕ್ಕ ದಿನ "ಪರಸ್ಪರ ಗೌರವ" ಎಂಬ ಪೋಸ್ಟರನ್ನು ಕಿತ್ತು ಮಡಚಿಡಬಹುದು.

ಆರಿಸಿಕೊಳ್ಳುವ ಕಡೆ ಜಾಪೋಸ್ ಎಂಬ ಆನ್‌ಲೈನ್ ಚಪ್ಪಲಿ-ಶೂ ಕಂಪನಿಯ ಉಪಾಯ ಮಜವಾಗಿತ್ತು. ಹೊಸಬರು ಯಾವ ಹುದ್ದೆಗೇ ಬಂದಿರಲಿ, ಮೊದಲು ಕೆಲವು ವಾರ ತರಬೇತಿ, ಅದರಲ್ಲಿ ಗ್ರಾಹಕರ ಕಾಲ್ ತಗೊಳ್ಳುವುದೂ ಸೇರಿ. ಆಮೇಲೆ ಒಂದು ಆಫರ್: ಈಗಲೇ ಕೆಲಸ ಬಿಟ್ಟರೆ ಇಲ್ಲಿವರೆಗಿನ ಸಂಬಳದ ಜೊತೆ ಇಷ್ಟು ಡಾಲರ್ ಕೊಡುತ್ತೇವೆ. ಒಂದು ಹಂತದಲ್ಲಿ ಅದು 2,000 ಡಾಲರ್ ಇತ್ತು. ದುಡ್ಡಿಗಾಗಿ ಹೋಗುವವರು ಇವತ್ತೇ ಹೋಗಲಿ ಅನ್ನುವುದು ಯೋಚನೆ, ತೀರಾ ಕಡಿಮೆ ಜನ ಹೋದರು. ಅಲ್ಲಿ ಕಾಲ್‌ಗೆ ಸಮಯದ ಮಿತಿ ಇರಲಿಲ್ಲ, ಓದಿ ಹೇಳಲು ಸ್ಕ್ರಿಪ್ಟ್ ಇರಲಿಲ್ಲ. ಹತ್ತು ಗಂಟೆಗೂ ಮೀರಿ ನಡೆದ ಒಂದು ಕಾಲ್ ಬಗ್ಗೆ ಕಂಪನಿ ಹೆಮ್ಮೆಯಿಂದ ಹೇಳಿಕೊಂಡಿತ್ತು. ಹತ್ತು ಗಂಟೆ ಜಾಸ್ತಿಯೇ ಆಯಿತು ಅನ್ನಿ. ಆದರೂ ಗಡಿಯಾರ ನೋಡುತ್ತಾ ನನ್ನನ್ನು ಹೋಲ್ಡ್‌ಗೆ ಹಾಕಿದ ಆ ಹೆಣ್ಣುಮಗಳನ್ನು ನೆನೆಸಿಕೊಂಡರೆ, ಇವರು ಗಡಿಯಾರವನ್ನೇ ಕಿತ್ತರು ಅನ್ನುವುದು ಸಣ್ಣ ಮಾತಲ್ಲ.

ಎಲ್ಲ ಒಳ್ಳೆಯ ಪದವೂ ಮೌಲ್ಯವಲ್ಲ

ಒಂದು ಸುಲಭದ ಪರೀಕ್ಷೆ ಇದೆ. ಮೌಲ್ಯವನ್ನು ತಿರುಗಿಸಿ ನೋಡಿ. ನಾವು ಪ್ರಾಮಾಣಿಕರು, ಇದರ ಉಲ್ಟಾ ನಾವು ಮೋಸಗಾರರು. ಹಾಗೆಂದು ಹೇಳಿಕೊಳ್ಳುವ ಕಂಪನಿ ಇದೆಯಾ? ಇಲ್ಲ. ಅಂದರೆ ಪ್ರಾಮಾಣಿಕತೆ ವ್ಯಾಪಾರಕ್ಕೆ ಇಳಿಯುವವರಿಗೆಲ್ಲ ಬೇಕಾದ ಕನಿಷ್ಠ ಅರ್ಹತೆ, ನಿಮ್ಮ ಕಂಪನಿಯ ಗುರುತಲ್ಲ. ಪ್ಯಾಟ್ರಿಕ್ ಲೆನ್ಸಿಯೋನಿ ಎಂಬ ಸಲಹೆಗಾರರು 2002ರಲ್ಲೇ ಈ ವ್ಯತ್ಯಾಸ ಬರೆದಿದ್ದರು. ಈಗ "ಬೇಗ ಬಿಡುಗಡೆ ಮಾಡುತ್ತೇವೆ, ತಪ್ಪಾದರೆ ಆಮೇಲೆ ತಿದ್ದುತ್ತೇವೆ" ಅನ್ನುವುದನ್ನು ತಿರುಗಿಸಿ: "ಪೂರ್ತಿ ಸರಿಯಾಗುವವರೆಗೆ ಬಿಡುಗಡೆ ಮಾಡುವುದಿಲ್ಲ". ಎರಡೂ ಸಾಧ್ಯ. ಆಟದ ಆ್ಯಪ್ ಮಾಡುವವರು ಮೊದಲನೆಯದನ್ನು ಆರಿಸಬಹುದು, ಹೃದಯಕ್ಕೆ ಹಾಕುವ ಉಪಕರಣ ಮಾಡುವವರು ಎರಡನೆಯದನ್ನು ಆರಿಸಲೇಬೇಕು. ಇದು ಮೌಲ್ಯ, ಯಾಕೆಂದರೆ ಇಲ್ಲಿ ಏನೋ ಒಂದನ್ನು ಬಿಟ್ಟುಕೊಟ್ಟಿದ್ದೀರಿ.

ಇನ್ನೊಂದು ಪದದ ಬಗ್ಗೆ ನನಗೆ ಯಾವಾಗಲೂ ಅನುಮಾನ: "ನಾವೆಲ್ಲ ಒಂದೇ ಕುಟುಂಬ". ಕೇಳಲು ಹಿತ. ಆದರೆ ಭಾನುವಾರ ಕೆಲಸಕ್ಕೆ ಕರೆಯುವಾಗ ನೆನಪಾಗುವ ಕುಟುಂಬ, ಸಂಬಳ ಏರಿಸಿ ಎಂದಾಗ ಮಾರುಕಟ್ಟೆ ದರ ಆಗಿಬಿಡುತ್ತದೆ. ನೆಟ್‌ಫ್ಲಿಕ್ಸ್ 2009ರಲ್ಲಿ ಹೊರಬಿಟ್ಟ ತನ್ನ ಸಂಸ್ಕೃತಿಯ ಸ್ಲೈಡುಗಳಲ್ಲಿ ನಾವು ಕುಟುಂಬವಲ್ಲ, ಆಟದ ತಂಡ ಎಂದು ನೇರವಾಗಿ ಹೇಳಿತ್ತು, ಚೆನ್ನಾಗಿ ಆಡದಿದ್ದರೆ ಒಳ್ಳೆಯ ಪರಿಹಾರ ಕೊಟ್ಟು ಕಳಿಸುತ್ತೇವೆ ಎಂಬ ಅರ್ಥದಲ್ಲಿ. ಒರಟು ಮಾತು. ಎಲ್ಲರಿಗೂ ಇಷ್ಟ ಆಗುವುದಿಲ್ಲ, ನನಗೂ ಪೂರ್ತಿ ಇಷ್ಟವಿಲ್ಲ. ಆದರೆ ಸೇರುವ ಮೊದಲೇ ಗೊತ್ತಿರುತ್ತದೆ.

ಒಳಗಿನದು ಹೊರಗೆ

ಸೇವೆಗೂ ಇದಕ್ಕೂ ಏನು ಸಂಬಂಧ ಎಂದು ಬಿಡಿಸಿ ಹೇಳಬೇಕಾಗಿಲ್ಲ ಅನಿಸುತ್ತದೆ, ಆದರೂ ಒಂದು ಮಾತು. ಗ್ರಾಹಕರು ಕಂಪನಿಯನ್ನು ನೋಡುವುದೇ ಇಲ್ಲ. ಅವರು ನೋಡುವುದು ಒಬ್ಬ ಮನುಷ್ಯನನ್ನು. ಆ ಮನುಷ್ಯನನ್ನು ಕಂಪನಿ ಹೇಗೆ ನಡೆಸಿಕೊಳ್ಳುತ್ತದೋ ಅದೇ ಸ್ವಲ್ಪ ಹೊತ್ತಿನಲ್ಲಿ ಗ್ರಾಹಕರಿಗೆ ತಲುಪುತ್ತದೆ. ಎರಡು ನಿಮಿಷ ತಡವಾಗಿದ್ದಕ್ಕೆ ಸಂಬಳ ಕಡಿತ ಮಾಡಿದವರು, ಗ್ರಾಹಕರ ಜೊತೆ ಧಾರಾಳವಾಗಿರು ಎಂದು ಹೇಳಿದರೆ ಅವನು ಎಲ್ಲಿಂದ ತರಬೇಕು?

2008ರ ನವೆಂಬರಿನಲ್ಲಿ ಮುಂಬೈನ ತಾಜ್ ಹೋಟೆಲಿನ ಮೇಲೆ ಉಗ್ರರ ದಾಳಿ ಆದಾಗ ಅಲ್ಲಿನ ಸಿಬ್ಬಂದಿ ಓಡಿಹೋಗುವ ದಾರಿಗಳು ಗೊತ್ತಿದ್ದೂ ಉಳಿದು ಅತಿಥಿಗಳನ್ನು ಕಾಪಾಡಿದರು, ಕೆಲವರು ಪ್ರಾಣ ಕೊಟ್ಟರು. ಅಂಥ ಹೊತ್ತಿಗೆ ಯಾವ ಕೈಪಿಡಿಯೂ ಇರಲಿಲ್ಲ. ಆಮೇಲೆ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರು ಇದು ಹೇಗೆ ಸಾಧ್ಯವಾಯಿತು ಎಂದು ಹುಡುಕಿದಾಗ ಸಿಕ್ಕದ್ದು ತೀರಾ ಸಾಧಾರಣ ಸಂಗತಿಗಳು: ಅಂಕಪಟ್ಟಿಗಿಂತ ಸ್ವಭಾವ ನೋಡಿ ಆರಿಸುವುದು, ದೀರ್ಘ ತರಬೇತಿ, ಒಳ್ಳೆಯ ಕೆಲಸ ಕಂಡ ಕೂಡಲೇ ಮೆಚ್ಚುವುದು. ಅದರಲ್ಲಿ ಒಂದು ವಿಷಯ ನನ್ನ ತಲೆಯಲ್ಲಿ ಉಳಿದಿದೆ. ಅಲ್ಲಿನ ನೌಕರರಿಗೆ ನೀವು ಅತಿಥಿಗಳ ಮುಂದೆ ಕಂಪನಿಯ ಪ್ರತಿನಿಧಿಗಳಲ್ಲ, ಕಂಪನಿಯ ಮುಂದೆ ಅತಿಥಿಗಳ ಪ್ರತಿನಿಧಿಗಳು ಎಂದು ಕಲಿಸುತ್ತಿದ್ದರಂತೆ. ನಿಷ್ಠೆಯ ದಿಕ್ಕನ್ನೇ ತಿರುಗಿಸಿಟ್ಟಿದ್ದಾರೆ ನೋಡಿ. ದಾಳಿಯ ರಾತ್ರಿ ಬಿಡಿ, ಮಾಮೂಲಿ ದಿನದಲ್ಲೂ ರಿಫಂಡ್ ಕೇಳಿದವರ ಪರವಾಗಿ ನೌಕರನೇ ಒಳಗೆ ವಾದ ಮಾಡುತ್ತಾನೆ ಅಂದರೆ ಸೇವೆ ಹೇಗಿರಬಹುದು.

ಮತ್ತೆ ಅದೇ ಮೆಕ್‌ನೀಲ್

ಆಮೇಲಿನ ಭಾಗ ಹೇಳುತ್ತೇನೆ ಎಂದಿದ್ದೆ. 2009ರಲ್ಲಿ ಮೆಕ್‌ನೀಲ್ ತಯಾರಿಸಿದ ಮೋಟ್ರಿನ್ ಎಂಬ ನೋವಿನ ಮಾತ್ರೆಯಲ್ಲಿ ದೋಷ ಕಂಡಿತು, ಸರಿಯಾಗಿ ಕರಗುತ್ತಿರಲಿಲ್ಲ. ಈ ಸಲ ಜನರಿಗೆ ಹೇಳಲಿಲ್ಲ. ಗುತ್ತಿಗೆಯವರನ್ನು ಅಂಗಡಿಗಳಿಗೆ ಕಳಿಸಿ, ಮಾಮೂಲಿ ಗಿರಾಕಿಗಳ ಥರ ಮಾತ್ರೆಗಳನ್ನು ಸದ್ದಿಲ್ಲದೆ ಕೊಂಡುಕೊಂಡು ಬರಲು ಹೇಳಿದರು. 2010ರಲ್ಲಿ ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ ಇದು ಬಯಲಾಯಿತು. 2015ರಲ್ಲಿ, ಮಕ್ಕಳ ದ್ರವ ಔಷಧಿಗಳಲ್ಲಿ ಲೋಹದ ಕಣ ಸೇರಿದ್ದ ಪ್ರಕರಣದಲ್ಲಿ ಅದೇ ಘಟಕ ತಪ್ಪೊಪ್ಪಿಕೊಂಡು 2.5 ಕೋಟಿ ಡಾಲರ್ ಕಟ್ಟಲು ಒಪ್ಪಿತು.

ಅದೇ ಕಂಪನಿ, ಅದೇ ಘಟಕ. ಕ್ರೀಡೋ ಕೂಡ ಅದೇ, ಮೊದಲ ಹೊಣೆ ಬಳಸುವವರಿಗೆ ಅನ್ನುವ ಅದೇ ಸಾಲು. 1982ರ ಕಥೆಯನ್ನು ಅಷ್ಟರಲ್ಲಿ ಪ್ರಪಂಚದ ಬಿಸಿನೆಸ್ ಸ್ಕೂಲುಗಳಲ್ಲೆಲ್ಲ ಪಾಠ ಮಾಡುತ್ತಿದ್ದರು. ಜಗಳವಾಡಿ ಒಪ್ಪಿಕೊಂಡ ತಲೆಮಾರು ಹೊರಟುಹೋಗಿತ್ತು, ಹೊಸಬರಿಗೆ ಸಿಕ್ಕಿದ್ದು ಆ ಜಗಳದ ಫಲ ಮಾತ್ರ, ಜಗಳವಲ್ಲ. ಇದು ನನ್ನ ಊಹೆ, ಒಳಗೆ ಏನೇನು ಒತ್ತಡ ಇತ್ತೋ. ಆದರೆ ಮೌಲ್ಯವನ್ನು ಪಿತ್ರಾರ್ಜಿತ ಆಸ್ತಿಯಂತೆ ಬಿಟ್ಟುಹೋಗಲು ಬರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕೆಲಸ ಹುಡುಕುತ್ತಿರುವ ಸ್ನೇಹಿತರು ಕೇಳಿದರೆ ನಾನು ಒಂದು ಪ್ರಶ್ನೆ ಹೇಳಿಕೊಡುತ್ತೇನೆ. ಇಂಟರ್‌ವ್ಯೂ ಕೊನೆಯಲ್ಲಿ "ನಿಮಗೇನಾದರೂ ಕೇಳುವುದಿದೆಯಾ" ಅನ್ನುತ್ತಾರಲ್ಲ, ಆಗ ಕೇಳಿ: ನಿಮ್ಮ ಈ ಮೌಲ್ಯಗಳಲ್ಲಿ ಯಾವುದಾದರೂ ಒಂದಕ್ಕಾಗಿ ಕಂಪನಿ ಇತ್ತೀಚೆಗೆ ಏನನ್ನು ಕಳೆದುಕೊಂಡಿತು? ಒಬ್ಬ ಗೆಳೆಯ ಎರಡು ಕಡೆ ಕೇಳಿದ. ಒಂದು ಕಡೆ ಎಚ್‌ಆರ್‌ನವರು ಚೆನ್ನಾಗಿ ಹತ್ತು ನಿಮಿಷ ಮಾತಾಡಿದರು, ಉತ್ತರ ಮಾತ್ರ ಬರಲಿಲ್ಲ. ಇನ್ನೊಂದು ಕಡೆ ಎದುರಿಗಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಹುಡುಗರನ್ನು ದಿನವೂ ಫೋನಿನಲ್ಲಿ ಬೈಯುತ್ತಿದ್ದ ದೊಡ್ಡ ಕ್ಲೈಂಟ್ ಒಬ್ಬರನ್ನು ಬಿಟ್ಟ ಕಥೆ ಹೇಳಿದರು. ಆ ವರ್ಷ ಬೋನಸ್ ಕಮ್ಮಿ ಬಂತು ಅಂತಲೂ ಹೇಳಿದರಂತೆ. ಅವನು ಎರಡನೆಯದಕ್ಕೆ ಸೇರಿದ, ಸಂಬಳ ಸ್ವಲ್ಪ ಕಡಿಮೆಗೆ.